ಪಿಎಫ್ ಹಣಕ್ಕೆ ಮಾಲಕರ ಸಹಿ ಬೇಕೇ?

ಕೆಲಸ ಬಿಟ್ಟ ಯುವಕರು ಜುಮಾ ಮುಗಿದ ಮೇಲೆ ನಮ್ಮಲ್ಲಿ ಆಗಾಗ ಕೇಳುವ ಪ್ರಶ್ನೆಯಿದು. ಮಾಲಕರು ಮುನಿಸಿಕೊಂಡು ಸಹಿ ಹಾಕದಿದ್ದರೆ ಹಣ ಮುಳುಗಿತೇ? ಇಲ್ಲ. ಸಂಬಳದಿಂದ ಮುರಿದುಕೊಂಡ ಪಾಲು ಮಾತ್ರವಲ್ಲ, ಮಾಲಕರು ಕಟ್ಟಿದ ಪಾಲು ಕೂಡ ನೌಕರನ ಹಕ್ಕು. ಅದು ಯಾರ ಖೈರಾತೂ ಅಲ್ಲ.

ಯುಎಎನ್ ಚಾಲ್ತಿಯಲ್ಲಿದ್ದು, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಅದಕ್ಕೆ ಜೋಡಣೆಯಾಗಿದ್ದರೆ ಆನ್‌ಲೈನ್ ಅರ್ಜಿಗೆ ಮಾಲಕರ ಸಹಿ ಬೇಕಿಲ್ಲ. ಹೆಚ್ಚಿನವರು ಎಡವುವುದು ಕೆಲಸ ಬಿಟ್ಟ ದಿನಾಂಕದಲ್ಲಿ. ಮಾಲಕರು ಅದನ್ನು ನಮೂದಿಸದಿದ್ದರೆ ಅರ್ಜಿ ಮುಂದೆ ಹೋಗದು. 2020ರಿಂದ ಅದನ್ನೂ ನಾವೇ ದಾಖಲಿಸಬಹುದು. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳು ಕಳೆದ ಬಳಿಕ ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ, ಆಧಾರ್ ಮೊಬೈಲಿಗೆ ಬರುವ ಒಟಿಪಿ ಕೊಟ್ಟರಾಯಿತು. ದಿನಾಂಕ ಕೊನೆಯ ವಂತಿಗೆಯ ತಿಂಗಳಿನದೇ ಆಗಿರಬೇಕು. ಅದನ್ನು ನೋಡಿ ಹಾಕಿ.

ಆಮೇಲೆ ಪಿಎಫ್‌ಗೆ ಫಾರ್ಮ್ 19. ಸೇವೆ ಹತ್ತು ವರ್ಷಕ್ಕಿಂತ ಕಡಿಮೆಯಿದ್ದರೆ ಪಿಂಚಣಿ ಪಾಲಿಗೆ 10ಸಿ ಪ್ರತ್ಯೇಕ. ಬೇರೆ ಕಡೆ ಕೆಲಸಕ್ಕೆ ಸೇರಿದವರು ಹಣ ತೆಗೆಯುವುದಲ್ಲ, ಖಾತೆ ವರ್ಗಾಯಿಸಬೇಕು.

ಸಂಬಳದಲ್ಲಿ ಮುರಿದ ಹಣ ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ ಮಾತೇ ಬೇರೆ. ಅದು ಅಮಾನತ್ತಿನಲ್ಲಿ ಮಾಡಿದ ಖಿಯಾನತ್. ಸಂಬಳ ಚೀಟಿಗಳನ್ನು ಲಗತ್ತಿಸಿ ಇಪಿಎಫ್‌ಒದ ದೂರು ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ದಲ್ಲಾಳಿಗಳಿಗೆ ಮಾತ್ರ ಒಟಿಪಿ ಹೇಳಬೇಡಿ.