ಹಾಡು ಅದೇ, ದಾರಿ ಬೇರೆ

ನಮ್ಮ ಆಂಡರ್ಸನ್‌ಪೇಟೆಯಲ್ಲಿ ಮದುವೆ ಮೆರವಣಿಗೆ ಹೊರಟರೆ ಮುಂದೆ ಬ್ಯಾಂಡ್‌ಸೆಟ್ ಇರಬೇಕು. ಟ್ರಂಪೆಟ್, ಕ್ಲಾರಿನೆಟ್, ದೊಡ್ಡ ಡ್ರಮ್ಮು, ಅದೃಷ್ಟವಿದ್ದರೆ ಒಂದು ಸ್ಯಾಕ್ಸೋಫೋನ್. ಚಿನ್ನದ ಗಣಿಯ ಊರು ನಮ್ಮದು. ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಬ್ಯಾಂಡಿನವರು ಎಲ್ಲ ಭಾಷೆಯ ಸಿನಿಮಾ ಹಾಡುಗಳನ್ನೂ ನುಡಿಸುತ್ತಾರೆ. ಮಾತಿಲ್ಲ, ಬರೀ ರಾಗ. ಆದರೂ ಮೊದಲ ಸಾಲಿಗೇ ಇದು ಯಾವ ಹಾಡೆಂದು ಬೀದಿಗೆಲ್ಲ ಗೊತ್ತಾಗಿಬಿಡುತ್ತದೆ. ಮದುಮಗನ ಗೆಳೆಯರು ಕುಣಿಯಲು ನಿಂತರೋ, ಕ್ಲಾರಿನೆಟ್ಟಿನವನು ಹಾಡು ಮುಗಿಸುವುದೇ ಇಲ್ಲ. ಒಂದೇ ಸಾಲನ್ನು ಹಿಡಿದು ಎಳೆಯುತ್ತಾನೆ, ತುಂಡು ಮಾಡುತ್ತಾನೆ, ಬೇರೆಲ್ಲೋ ಸುತ್ತಾಡಿಸಿ ಮತ್ತೆ ಪಲ್ಲವಿಗೆ ತಂದು ಬಿಡುತ್ತಾನೆ.

ಮಕ್ಕಳೇ, ಜಾಜ್ ಸಂಗೀತ ಎಂದರೇನು ಅಂತ ಯಾರಾದರೂ ಕೇಳಿದರೆ ನಾನು ಆ ಕ್ಲಾರಿನೆಟ್ಟನ್ನೇ ತೋರಿಸುತ್ತೇನೆ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, ಕಪ್ಪುಜನರ ನಡುವೆ ಬೆಳೆದ ಸಂಗೀತ ಅದು. ಅಲ್ಲೂ ಮೆರವಣಿಗೆ ಬ್ಯಾಂಡುಗಳಿದ್ದವು. ಜಾಜ್ ಕಛೇರಿಯಲ್ಲಿ ಸಾಮಾನ್ಯವಾಗಿ ಮೊದಲು ಹಾಡನ್ನು ನೇರವಾಗಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಸರದಿಯಂತೆ, ಆ ಹಾಡಿನ ಅಳತೆ ಮೀರದೆ, ಆ ಕ್ಷಣಕ್ಕೆ ಹೊಳೆದ ಸ್ವರಗಳನ್ನು ನುಡಿಸುತ್ತಾರೆ. ಕೊನೆಗೆ ಎಲ್ಲರೂ ಮೂಲ ಹಾಡಿಗೆ ಮರಳುತ್ತಾರೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಕೀರ್ತನೆಯ ಒಂದು ಸಾಲು ಹಿಡಿದು ಕಲ್ಪನಾಸ್ವರ ಹಾಕುವುದನ್ನು ಕೇಳಿರುವ ತಾತ-ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾಜ್‌ನವರು ರಾಕ್ ಹಾಡುಗಳನ್ನೂ ಹೀಗೆ ಎತ್ತಿಕೊಂಡಿದ್ದಾರೆ. 1965ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ‘ನಾರ್ವೀಜಿಯನ್ ವುಡ್’ ಎಂಬ ಹಾಡಿನಲ್ಲಿ ಗಿಟಾರ್ ಜೊತೆ ನಮ್ಮ ಸಿತಾರ್ ನುಡಿಸಿತು. ಮರುವರ್ಷವೇ ಜಾಜ್‌ನ ಹಿರಿಯ ಕೌಂಟ್ ಬೇಸಿ ಬೀಟಲ್ಸ್ ಹಾಡುಗಳದ್ದೇ ಒಂದು ಆಲ್ಬಂ ತಂದರು. 1996ರಲ್ಲಿ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ‘ದಿ ನ್ಯೂ ಸ್ಟ್ಯಾಂಡರ್ಡ್’ ಎಂಬ ಆಲ್ಬಂನಲ್ಲಿ ಆ ಸಿತಾರ್ ಹಾಡನ್ನೇ ಜಾಜ್ ಮಾಡಿದರು. ಮೂಲ ಹಾಡು ಎರಡು ನಿಮಿಷ ಚಿಲ್ಲರೆ. ಹ್ಯಾನ್‌ಕಾಕರದ್ದು ಅದಕ್ಕಿಂತ ಎಷ್ಟೋ ಉದ್ದ. ನನಗೆ ಮೂಲದ್ದೇ ಇಷ್ಟ, ಆದರೆ ಎರಡನೆಯದನ್ನು ಕೇಳಿದ ಮೇಲೆ ಮೊದಲನೆಯದು ಇನ್ನೂ ಚೆನ್ನಾಗಿ ಕೇಳಿಸಿತು.

ನಮ್ಮವರ ಕತೆ ಇನ್ನೂ ಸ್ವಾರಸ್ಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಕಂಡುಹಿಡಿದ ವಾದ್ಯವನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್. ತಂದೆ ನಾಗಸ್ವರ ವಿದ್ವಾಂಸರು. ಗಮಕವೇ ಬಾರದ ಆ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ ಅದರಲ್ಲಿ ಕೀರ್ತನೆ ನುಡಿಸಿದರು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು.

ಅತ್ತ ಅಮೆರಿಕದಲ್ಲಿ ರುದ್ರೇಶ್ ಮಹಾಂತಪ್ಪ ಎಂಬ ಹುಡುಗ ಸ್ಯಾಕ್ಸೋಫೋನ್ ಕಲಿಯುತ್ತಿದ್ದ. ಹೆಸರು ಕೇಳಿದರೇ ಬೇರು ಎಲ್ಲಿಯದೆಂದು ತಿಳಿಯುತ್ತದಲ್ಲ! ಅಣ್ಣ ತಮಾಷೆಗೆಂದು ಅವನ ಕೈಗೆ ಕದ್ರಿಯವರ ಧ್ವನಿಮುದ್ರಿಕೆ ಕೊಟ್ಟ. ತಮಾಷೆ ಅಲ್ಲಿಗೇ ಮುಗಿಯಲಿಲ್ಲ: 2008ರಲ್ಲಿ ಆ ಇಬ್ಬರ ‘ಕಿನ್ಸ್‌ಮೆನ್’ ಎಂಬ ಆಲ್ಬಂ ಬಂತು, ಅಂದರೆ ನೆಂಟರು. 2020ರಲ್ಲಿ ಮಹಾಂತಪ್ಪ ತಾವು ಮೆಚ್ಚಿದ ಹಿರಿಯರ ಹಾಡುಗಳನ್ನು ಮೂವರ ತಂಡದಲ್ಲಿ ಹೊಸದಾಗಿ ನುಡಿಸಿದರು. ಜಾನಿ ಕ್ಯಾಶ್, ಸ್ಟೀವಿ ವಂಡರ್ ಅವರ ಜನಪ್ರಿಯ ಹಾಡುಗಳೂ ಅದರಲ್ಲಿವೆ.

ಹಾಗಾದರೆ ಯಾವ ಹಾಡನ್ನಾದರೂ ಹೇಗೆ ಬೇಕಾದರೂ ಬದಲಾಯಿಸಬಹುದೇ? ನಮ್ಮ ಮನೆಯಲ್ಲಿ ಇದೇ ಜಗಳವಾಯಿತು. ಏಳನೇ ತರಗತಿಯ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವಕ್ಕೆಂದು ಅವಳಜ್ಜಿಯ ಹಳೇ ಹಾಡೊಂದನ್ನು ಕೀಬೋರ್ಡಿನಲ್ಲಿ ಕುದುರೆ ಓಡಿಸಿದಂತೆ ನುಡಿಸಿದಳು. ಅಜ್ಜಿ ಒಲೆ ಆರಿಸಿ ಬಂದಳು.

“ನಮ್ಮಪ್ಪ ಗಣಿಯಿಂದ ಪಾಳಿ ಮುಗಿಸಿ ಬಂದು ಗುನುಗ್ತಿದ್ದ ಹಾಡು ಕಣೇ ಅದು. ಮುಟ್ಟಬೇಡ.”

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಊರಿನ ಎಷ್ಟೋ ಜನ ಈಗ ಬೆಳಗಾಗುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವಳಪ್ಪನದು ಅಂತ ಮನೆಯಲ್ಲಿ ಉಳಿದಿರುವುದು ಒಂದು ಫೋಟೋ, ಈ ಹಾಡು, ಅಷ್ಟೆ.

“ಪುಟ್ಟಿ, ಮೊದಲು ಮುತ್ತಾತ ಹಾಡ್ತಿದ್ದ ಹಾಗೇ ನುಡಿಸಿ ತೋರ್ಸು, ಆಮೇಲೆ ಓಡಿಸೀಯಂತೆ” ಅಂದೆ. ಅವಳಿಗೆ ಬರಲಿಲ್ಲ. ಎಂಟು ದಿನ ಅಜ್ಜಿಯ ಪಕ್ಕದಲ್ಲಿ ಕೂತು ಕಲಿತಳು. ಆಮೇಲೆ ತನ್ನ ಹೊಸ ತಿರುವುಗಳನ್ನು ಸೇರಿಸಿ ನುಡಿಸಿದಳು. ಅಜ್ಜಿ ಪೂರ್ತಿ ಕೇಳಿದಳು.

“ಎರಡನೇ ಸಾಲಲ್ಲಿ ಒಂದು ಕಡೆ ನಮ್ಮಪ್ಪ ನಿಲ್ಲಿಸ್ತಿದ್ದ. ಗಣಿ ಧೂಳು ಕುಡಿದ ಎದೆ, ಉಸಿರು ಸಾಲ್ತಿರಲಿಲ್ಲ. ಅದನ್ನ ಬಿಟ್ಟಿದ್ದೀಯ.”

ವಾರ್ಷಿಕೋತ್ಸವದ ದಿನ ಮೊಮ್ಮಗಳು ಹಾಡನ್ನು ಎಲ್ಲೆಲ್ಲೋ ಸುತ್ತಾಡಿಸಿದಳು. ಎರಡನೇ ಸಾಲಿಗೆ ಬಂದಾಗ ಮಾತ್ರ ಕೈ ಎತ್ತಿ ಒಂದು ಗಳಿಗೆ ಸುಮ್ಮನಿದ್ದಳು. “ಪಾಪ, ಮರ್ತೋಯ್ತು ಮಗೂಗೆ” ಅಂದರು ಪಕ್ಕದ ಕುರ್ಚಿಯವರು. ಅಜ್ಜಿ ಅವರತ್ತ ತಿರುಗಲೂ ಇಲ್ಲ.