ಗ್ರಾನಡಾದ ಗಡಿಯಾರಕ್ಕೆ ಒಗ್ಗಿಕೊಳ್ಳುವುದು

ಸ್ಪೇನಿನ ದಕ್ಷಿಣದಲ್ಲಿರುವ ಗ್ರಾನಡಾಕ್ಕೆ ಓದಲು ಹೋದವರನ್ನು ಮೊದಮೊದಲು ಭಾಷೆಗಿಂತ ಹೆಚ್ಚು ಕಾಡುವುದು ಊಟದ ಹೊತ್ತು. ಒಂದು ಗಂಟೆಗೆ ಉಂಡು, ರಾತ್ರಿ ಎಂಟಕ್ಕೆ ತಟ್ಟೆಯ ಮುಂದೆ ಕೂತು ರೂಢಿಯಾದವರು ಅಲ್ಲಿ ಮಧ್ಯಾಹ್ನದ ಊಟಕ್ಕೆ ಎರಡೂವರೆ, ರಾತ್ರಿಯ ಊಟಕ್ಕೆ ಒಂಬತ್ತೂವರೆವರೆಗೆ ಕಾಯಬೇಕು. ಏಳು ಗಂಟೆಗೆ ಹೋಟೆಲಿಗೆ ಹೋದರೆ ಎಷ್ಟೋ ಕಡೆ ಒಲೆಯನ್ನೇ ಹಚ್ಚಿರುವುದಿಲ್ಲ.

ಇದು ಸೋಮಾರಿತನವಲ್ಲ. ಗ್ರಾನಡಾ ಇರುವುದು ಲಂಡನ್ನಿಗಿಂತಲೂ ಪಶ್ಚಿಮಕ್ಕೆ. ಆದರೆ 1940ರಿಂದ ಸ್ಪೇನ್ ಜರ್ಮನಿಯ ಗಡಿಯಾರವನ್ನೇ ಪಾಲಿಸುತ್ತಿದೆ. ಬೇಸಿಗೆಯಲ್ಲಿ ಮುಳ್ಳನ್ನು ಇನ್ನೂ ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಜೂನ್‌ನಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವುದು ಎರಡೂಕಾಲರ ಸುಮಾರಿಗೆ, ಮುಳುಗುವುದು ಒಂಬತ್ತೂವರೆ ದಾಟಿದ ಮೇಲೆ. ಬಿಸಿಲಿನ ಲೆಕ್ಕ ಹಿಡಿದರೆ ಅವರು ಹೊತ್ತಿಗೆ ಸರಿಯಾಗಿಯೇ ಉಣ್ಣುತ್ತಾರೆ.

ಅಲ್ಲಿಯತನಕ ಹೊಟ್ಟೆ ತಡೆಯುವುದಕ್ಕೂ ಒಂದು ಏರ್ಪಾಡಿದೆ. ಹನ್ನೊಂದರ ಹೊತ್ತಿಗೆ ಮೇಷ್ಟ್ರು, ವಿದ್ಯಾರ್ಥಿಗಳು, ಗುಮಾಸ್ತರು ಎಲ್ಲರೂ ಕೆಫೆಗೆ ನಡೆಯುತ್ತಾರೆ. ಸುಟ್ಟ ಬ್ರೆಡ್ಡಿನ ಮೇಲೆ ಆಲಿವ್ ಎಣ್ಣೆ ಸುರಿದು, ತುರಿದ ಟೊಮೆಟೊ ಸವರಿ, ಉಪ್ಪು ಉದುರಿಸಿದ ತೊಸ್ತಾದ, ಜೊತೆಗೊಂದು ಹಾಲಿನ ಕಾಫಿ. ಅಗ್ಗ, ಸಸ್ಯಾಹಾರ, ಹೊಟ್ಟೆಗೂ ಹಿತ. 1531ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಸ್ಥಾಪಿಸಿದ ಇಲ್ಲಿನ ವಿಶ್ವವಿದ್ಯಾಲಯಕ್ಕೆ ತನ್ನದೇ ಊಟದ ಮನೆಗಳಿವೆ. ಹೊರಗಿನ ಹೋಟೆಲಿಗಿಂತ ಬಹಳ ಕಡಿಮೆ ಬೆಲೆಗೆ ಪೂರ್ತಿ ಊಟ ಸಿಗುತ್ತದೆ.

ಸಂಜೆಯ ತಾಪಾ ಗ್ರಾನಡಾದ ದೊಡ್ಡ ಭಾಗ್ಯ. ಬಾರ್‌ನಲ್ಲಿ ಒಂದು ಪಾನೀಯ ತೆಗೆದುಕೊಂಡರೆ ಒಂದು ಸಣ್ಣ ತಟ್ಟೆ ತಿಂಡಿ ಪುಕ್ಕಟೆ. ಮದ್ಯವೇ ಆಗಬೇಕೆಂದಿಲ್ಲ, ದ್ರಾಕ್ಷಿ ರಸ ಕುಡಿದರೂ ತಟ್ಟೆ ಬರುತ್ತದೆ. ಯಾವ ತಿಂಡಿ ಎಂಬುದನ್ನು ಸಾಮಾನ್ಯವಾಗಿ ಬಾರಿನವರೇ ತೀರ್ಮಾನಿಸುತ್ತಾರೆ. ಸಸ್ಯಾಹಾರಿಗಳು ಲೋಟ ಬರುವ ಮೊದಲೇ ಹೇಳಿಬಿಡಬೇಕು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಹಂದಿಯ ಹಾಮೋನ್ ಚೂರುಗಳನ್ನೂ ಟ್ಯೂನಾ ಮೀನನ್ನೂ ಮಾಂಸದ ಲೆಕ್ಕಕ್ಕೆ ಹಿಡಿಯದವರು ಇದ್ದಾರೆ. ಅವೆರಡನ್ನೂ ಹೆಸರು ಹೇಳಿಯೇ ಬೇಡವೆನ್ನಿ. ದುಡ್ಡು ಕೊಟ್ಟು ತರಿಸುವುದಾದರೆ, ಕಬ್ಬಿನ ಕಾಕಂಬಿ ಸುರಿದ ಬದನೆಕಾಯಿ ಕರಿದದ್ದನ್ನು ತಪ್ಪಿಸಿಕೊಳ್ಳಬೇಡಿ.

ಸಣ್ಣ ಅಂಗಡಿಗಳು ಎರಡರಿಂದ ಐದರವರೆಗೆ ಬಾಗಿಲು ಹಾಕಿರುತ್ತವೆ, ಭಾನುವಾರ ಸೂಪರ್‌ಮಾರ್ಕೆಟ್‌ಗಳೂ ಬಹುಪಾಲು ಇಲ್ಲ. ಶನಿವಾರವೇ ಅಕ್ಕಿ, ತರಕಾರಿ ತಂದಿಟ್ಟುಕೊಳ್ಳಿ. ತೊಗರಿಬೇಳೆ ಸುಲಭಕ್ಕೆ ಸಿಗದಿದ್ದರೂ ಕಡಲೆಕಾಳು, ಮಸೂರ ಎಲ್ಲೆಡೆ ಉಂಟು. ಮಸೂರದ ಸಾರು ಚೆನ್ನಾಗಿಯೇ ಆಗುತ್ತದೆ.

ಸ್ಪೇನ್ ಎಂದರೆ ಬರೀ ಬಿಸಿಲು ಎಂದುಕೊಂಡು ಸ್ವೆಟರ್ ಬಿಟ್ಟುಹೋಗಬೇಡಿ. ಊರು ಸುಮಾರು 700 ಮೀಟರ್ ಎತ್ತರದಲ್ಲಿದೆ, ಪಕ್ಕದಲ್ಲೇ ಹಿಮ ಹೊದ್ದ ಸಿಯೆರಾ ನೆವಾದ. ಜನವರಿಯ ರಾತ್ರಿಗಳಲ್ಲಿ ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿ. ಹಳೆಯ ಮನೆಗಳ ಒಳಗೆ ಕಲ್ಲುನೆಲ ಕೊರೆಯುತ್ತದೆ. ಇದಕ್ಕೆ ಅಲ್ಲಿನವರು ಕಂಡುಕೊಂಡ ಉಪಾಯ ಬ್ರಸೆರೋ. ದುಂಡು ಮೇಜಿನ ಅಡಿಗೆ ವಿದ್ಯುತ್ ಹೀಟರ್ ಇಟ್ಟು, ನೆಲದವರೆಗೆ ಇಳಿಬಿದ್ದ ದಪ್ಪ ಬಟ್ಟೆಯನ್ನು ಮೇಜಿಗೆ ಹೊದಿಸುತ್ತಾರೆ. ಆ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತರೆ ಸೊಂಟದ ಕೆಳಗೆಲ್ಲ ಬೆಚ್ಚಗೆ. ಪರೀಕ್ಷೆಗೆ ಓದಲು ಇದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಬಟ್ಟೆ ಹೀಟರಿಗೆ ತಾಗದಂತೆ ನೋಡಿಕೊಳ್ಳಿ, ಏಳುವಾಗ ಮರೆಯದೆ ಆರಿಸಿ.

ಕರೆಂಟಿನ ಬಿಲ್ಲಿಗೂ ಗಡಿಯಾರ ಉಂಟು. 2021ರ ಜೂನ್‌ನಿಂದ ಜಾರಿಯಲ್ಲಿರುವ ಸರ್ಕಾರಿ ದರಪದ್ಧತಿಯಲ್ಲಿ ವಾರದ ದಿನಗಳಂದು ಬೆಳಿಗ್ಗೆ 10ರಿಂದ 2, ಸಂಜೆ 6ರಿಂದ 10 ದುಬಾರಿ ಹೊತ್ತು. ನಡುರಾತ್ರಿಯಿಂದ ಬೆಳಿಗ್ಗೆ 8ರವರೆಗೆ ಮತ್ತು ಶನಿವಾರ, ಭಾನುವಾರ ಇಡೀ ದಿನ ಅಗ್ಗ. ಮನೆ ಈ ದರದಲ್ಲಿದ್ದರೆ ಬಟ್ಟೆ ಒಗೆಯುವ ಯಂತ್ರವನ್ನು ವಾರಾಂತ್ಯದಲ್ಲಿ ಓಡಿಸುವುದು ಜಾಣತನ.

ಇನ್ನು ಕಾಗದಪತ್ರ. ಆರು ತಿಂಗಳಿಗೂ ಮೀರಿ ಓದುವವರು ದೇಶಕ್ಕೆ ಬಂದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಇಎಕ್ಸ್-17 ಎಂಬ ನಮೂನೆ, 790-012 ಚಲನ್ನಿನಲ್ಲಿ ಬ್ಯಾಂಕಿಗೆ ಕಟ್ಟಿದ ಶುಲ್ಕದ ರಸೀದಿ, ಫೋಟೊ, ಪಾಸ್‌ಪೋರ್ಟ್ ಹಿಡಿದು ಪೊಲೀಸ್ ಕಚೇರಿಗೆ ಹೋಗಿ ಬೆರಳಚ್ಚು ಕೊಡಬೇಕು. ಹೋಗುವ ಮೊದಲು ಆನ್‌ಲೈನಿನಲ್ಲಿ ಸಮಯ ಕಾದಿರಿಸಬೇಕು. ಸೆಪ್ಟೆಂಬರಿನಲ್ಲಿ ಅದು ಸಿಗುವುದೇ ಕಷ್ಟ, ಬಂದ ವಾರವೇ ಹುಡುಕಾಟ ಶುರು ಮಾಡಿ. ಅರ್ಜಿಯ ಜೊತೆ ಸಾಮಾನ್ಯವಾಗಿ ಪಾದ್ರೋನ್ ಪತ್ರವನ್ನೂ ಕೇಳುತ್ತಾರೆ. ನೀವು ಇಂಥ ಮನೆಯಲ್ಲಿದ್ದೀರಿ ಎಂದು ನಗರಸಭೆ ಕೊಡುವ ದಾಖಲೆ ಅದು. ಅದಕ್ಕೆ ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಬೇಕು, ಕೆಲವು ಮಾಲೀಕರು ಕೊಡಲು ಹಿಂದೇಟು ಹಾಕುತ್ತಾರೆ. ಮುಂಗಡ ಕಟ್ಟುವ ಮುಂಚೆಯೇ ಈ ಮಾತು ಕೇಳಿ. ಒಪ್ಪದ ಮನೆ ಎಷ್ಟೇ ಅಗ್ಗವಿದ್ದರೂ, ಕಾಲೇಜಿಗೆ ಎಷ್ಟೇ ಹತ್ತಿರವಿದ್ದರೂ ಹಿಡಿಯಬೇಡಿ.