ಜಿಂಕೆಯ ಲೆಕ್ಕ ಹುಲಿಗೆ ಗೊತ್ತು

ಜಿಂಕೆ ಹೆಚ್ಚಾದರೆ ಬೇಟೆಯಾಡಿ ಕಡಿಮೆ ಮಾಡಬಾರದೇಕೆ? ಬೆಳೆ ಕಳೆದುಕೊಂಡ ರೈತ ಕೇಳುವ ಪ್ರಶ್ನೆಯಿದು. ತೋಳಗಳನ್ನು ಅಳಿಸಿಹಾಕಿದ ಅಮೆರಿಕದ ಅನೇಕ ರಾಜ್ಯಗಳಲ್ಲಿ ಪರವಾನಗಿ ಬೇಟೆಯೇ ಹಿಂಡಿಗೆ ಕಡಿವಾಣ. ಬ್ರಿಟಿಷರು ಅಂಡಮಾನಿಗೆ ಒಯ್ದ ಚುಕ್ಕೆ ಜಿಂಕೆ, ಹಿಡಿದು ತಿನ್ನುವ ಮೃಗವಿಲ್ಲದೆ ಬೆಳೆದು ಕಾಡಿನ ಎಳೆ ಸಸಿಗಳನ್ನೇ ಮೇಯ್ದುಹಾಕಿತು.

ಭದ್ರಾವತಿಗೆ ದೂರವಲ್ಲದ ಭದ್ರಾ ಅಭಯಾರಣ್ಯದ ಸ್ಥಿತಿ ಬೇರೆ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಇವೆ. ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ಪ್ರಾಣಿ ಬೇಕು. ಅದಕ್ಕಾಗಿ ಕಾಡಿನಲ್ಲಿ 500 ಇರಬೇಕು ಎಂಬುದು ವಿಜ್ಞಾನಿ ಉಲ್ಲಾಸ ಕಾರಂತರ ಲೆಕ್ಕ.

ಹಾಗಾಗಿ ಇಲ್ಲಿ ಕಳ್ಳಕೋವಿಗೆ ಬಿದ್ದ ಪ್ರತಿ ಜಿಂಕೆಯೂ ಹುಲಿಯ ಬಾಯಿಂದ ಕಿತ್ತ ತುತ್ತು. ಹಸಿದ ಹುಲಿ ಕೊಟ್ಟಿಗೆಯತ್ತ ನೋಡುತ್ತದೆ. ರೈತನಿಗೆ ಬೇಕಾದದ್ದು ಕೋವಿಯಲ್ಲ, ಗಟ್ಟಿ ಬೇಲಿ, ಸಕಾಲದ ಪರಿಹಾರ.